ಗಂಟೆಯೊಳಗಿನ ಗಾಂಧಾರ: ಇಂದಿನ ಪಾಶ್ಚಾತ್ಯ ಶಾಸ್ತ್ರೀಯ ಸಂಯೋಜಕರನ್ನು ಕೇಳಲು ಕಲಿಯುವ ಬಗೆ

ತಂಬೂರಿಯನ್ನು ಚೆನ್ನಾಗಿ ಶ್ರುತಿ ಮಾಡಿ ಸುಮ್ಮನೆ ಮೀಟುತ್ತಾ ಕೂತರೆ, ಯಾರೂ ಮೀಟದ ಒಂದು ಸ್ವರ ಅದರೊಳಗಿಂದ ಮೇಲೇಳುತ್ತದೆ. ಷಡ್ಜದ ತಂತಿಯಲ್ಲೇ ಹುಟ್ಟುವ ಅಂತರ ಗಾಂಧಾರ ಅದು. ಪಾಠಕ್ಕೆ ಹೋದವರಿಗೆ ಮೇಷ್ಟ್ರು ಒಂದಲ್ಲ ಒಂದು ದಿನ ಅದನ್ನು ತೋರಿಸಿಕೊಟ್ಟಿರುತ್ತಾರೆ, ಸ್ವಯಂಭೂ ಗಾಂಧಾರ ಎಂದು ಹೆಸರನ್ನೂ ಹೇಳಿರುತ್ತಾರೆ. ಮೊದಲ ದಿನ ಕೇಳಿಸುವುದಿಲ್ಲ. ಒಮ್ಮೆ ಕೇಳಿಸಿತೆಂದರೆ ಮತ್ತೆಂದೂ ಕಿವಿ ತಪ್ಪಿಸಿಕೊಳ್ಳುವುದಿಲ್ಲ.

ನಮ್ಮ ಕಾಲದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಕ್ಕೆ ಬೇಕಾದದ್ದು ಇದೇ ಕಿವಿ. ಬಾಖ್, ಮೊಜಾರ್ಟ್, ಬೀಥೋವನ್ ಹೆಸರು ನಮಗೆ ಗೊತ್ತು. ಕಳೆದ ಎಪ್ಪತ್ತು ಎಂಬತ್ತು ವರ್ಷಗಳಲ್ಲಿ ಅದೇ ಪರಂಪರೆಯಲ್ಲಿ ಬರೆದವರ, ಈಗಲೂ ಬರೆಯುತ್ತಿರುವವರ ಹೆಸರು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತೇವೆ. ನಾನೂ ಹಾಗೇ ಇದ್ದೆ. ಯಾರೋ ಹೇಳಿದರೆಂದು ಮೊದಲ ದಿನವೇ ಅತಿ ಕಠಿಣವಾದ ಕೃತಿಯೊಂದನ್ನು ಹಾಕಿಕೊಂಡೆ. ಹತ್ತು ನಿಮಿಷದಲ್ಲಿ ನಿಲ್ಲಿಸಿದೆ. ಇದು ನನಗಲ್ಲ ಎಂದುಕೊಂಡು ಎರಡು ವರ್ಷ ಆ ಕಡೆ ತಲೆಹಾಕಲಿಲ್ಲ. ತಪ್ಪು ಸಂಗೀತದ್ದೂ ಅಲ್ಲ, ಕಿವಿಯದ್ದೂ ಅಲ್ಲ, ಹಿಡಿದ ದಾರಿಯದ್ದು. ಸರಳೆ ವರಸೆ ಕಲಿಯದವನ ಮುಂದೆ ಅಟತಾಳದ ವರ್ಣ ಇಟ್ಟ ಹಾಗಾಗಿತ್ತು. ಈಗ ಬರೆಯುತ್ತಿರುವುದು ಅಂದು ನನಗೆ ಯಾರಾದರೂ ಹೇಳಿಕೊಡಬೇಕಾಗಿದ್ದ ದಾರಿ.

ಕೇಳುವ ಮೊದಲು

ಎರಡು ಮಾತು ಮನಸ್ಸಿನಲ್ಲಿರಲಿ. ನಮ್ಮಲ್ಲಿ ವಾಗ್ಗೇಯಕಾರ ಕೃತಿ ಕೊಡುತ್ತಾನೆ, ಹಾಡುವವರು ಅದನ್ನು ಬೆಳೆಸುತ್ತಾರೆ. ಅಲ್ಲಿ ಸಂಯೋಜಕ ಬಹುಪಾಲು ಎಲ್ಲವನ್ನೂ ಹಾಳೆಯ ಮೇಲೆ ಬರೆದಿಡುತ್ತಾನೆ. ಪಿಟೀಲಿನ ಕಮಾನು ತಂತಿಯ ಯಾವ ಜಾಗವನ್ನು ಸವರಬೇಕು ಎನ್ನುವವರೆಗೆ ಬರೆದವರಿದ್ದಾರೆ. ಹಾಗಾಗಿ ಮನೋಧರ್ಮವನ್ನು, ಅಂದರೆ ಹಾಡುವಾಗಲೇ ಬೆಳೆಸುವ ಕಲ್ಪನೆಯನ್ನು, ನುಡಿಸುವವರಲ್ಲಿ ಮಾತ್ರ ಹುಡುಕಬೇಡಿ. ಅದರ ಬಹುಭಾಗ ಬರೆದವರ ಮೇಜಿನ ಮೇಲೆ ಆಗಲೇ ಮುಗಿದಿರುತ್ತದೆ.

ಎರಡನೆಯದು, ಕೇಳಿದ ಕೂಡಲೇ "ಇದು ಯಾವ ರಾಗ?" ಎಂದು ಕೇಳಿಕೊಳ್ಳುವ ಅಭ್ಯಾಸ. ಸ್ವರಸ್ಥಾನ ಹೊಂದಬಹುದು, ಆದರೆ ಗಮಕವಿಲ್ಲದೆ, ಸಂಚಾರವಿಲ್ಲದೆ ಅದು ರಾಗವಾಗುವುದಿಲ್ಲ. ರಾಗ ಹುಡುಕುತ್ತಾ ಕೂತರೆ ಮುಂದೆ ನಡೆಯುತ್ತಿರುವುದು ತಪ್ಪಿಹೋಗುತ್ತದೆ. ಅದರ ಬದಲು ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ಇಲ್ಲಿ ಏನು ಬದಲಾಗುತ್ತಿದೆ, ಏನು ಹಾಗೇ ಉಳಿದಿದೆ? ಹೊಸ ಕೃತಿಯ ಮುಂದೆ ಕೂತಾಗಲೆಲ್ಲ ನನ್ನ ಕೈಹಿಡಿದದ್ದು ಈ ಪ್ರಶ್ನೆಯೇ.

ಇನ್ನು ಸಲಕರಣೆ. ಫೋನಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ, ಕೆಳಸ್ಥಾಯಿಯ ಡಬಲ್ ಬಾಸ್ ಅದರಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಸಣ್ಣದಾಗುತ್ತದೆ. ಸಾಧಾರಣ ಹೆಡ್‌ಫೋನ್ ಸಾಕು. ಅಡುಗೆ ಮಾಡುತ್ತಾ, ಗಾಡಿ ಓಡಿಸುತ್ತಾ ಕೇಳುವುದನ್ನು ಸದ್ಯಕ್ಕೆ ಬಿಡಿ. ಯೂಟ್ಯೂಬಿನಲ್ಲಿ ನಡುವೆ ಜಾಹೀರಾತು ನುಗ್ಗಿದರೆ ಈ ಸಂಗೀತ ಕೆಟ್ಟೇಹೋಗುತ್ತದೆ. ಜಾಹೀರಾತಿಲ್ಲದ ದಾರಿ ಯಾವುದಿದೆಯೋ ಅದನ್ನು ಹಿಡಿಯಿರಿ.

ಮೊದಲ ಕೃತಿ: ಐದು ಕಾಲಗಳಲ್ಲಿ ಒಂದೇ ಅವರೋಹಣ

ಆರ್ವೊ ಪಾರ್ಟ್ 1935ರಲ್ಲಿ ಎಸ್ಟೋನಿಯಾದಲ್ಲಿ ಹುಟ್ಟಿದವರು. ಮುಂದೆ ಸೋವಿಯತ್ ಆಳ್ವಿಕೆಗೆ ಸಿಕ್ಕ ಆ ಪುಟ್ಟ ದೇಶದಲ್ಲಿ ಅವರು ಮೊದಲು ಬರೆದದ್ದು ಆ ಕಾಲದ ಯುರೋಪಿನ ಕಠಿಣ ಶೈಲಿಯಲ್ಲಿ. 1968ರ ನಂತರ ಸುಮಾರು ಎಂಟು ವರ್ಷ ಬಹುತೇಕ ಮೌನವಾದರು. ಹಳೆಯ ಕ್ರೈಸ್ತ ಮಠಗಳ ಒಂದೇ ಎಳೆಯ ಹಾಡುಗಳನ್ನು ಓದುತ್ತಾ, ಒಂದೇ ಒಂದು ಸ್ವರವನ್ನು ಸರಿಯಾಗಿ ಇಡುವುದು ಹೇಗೆಂದು ಹುಡುಕುತ್ತಾ ಕಳೆದ ವರ್ಷಗಳವು. 1976ರಲ್ಲಿ ಪಿಯಾನೊಗೆ ಬರೆದ ಎರಡು ನಿಮಿಷದ 'ಫ್ಯೂರ್ ಅಲೀನಾ'ದಿಂದ ಅವರ ಹೊಸ ದಾರಿ ತೆರೆಯಿತು. ಮರುವರ್ಷ ಬಂದದ್ದು 'ಕಾಂಟುಸ್', 1976ರ ಡಿಸೆಂಬರಿನಲ್ಲಿ ತೀರಿಕೊಂಡ ಇಂಗ್ಲಿಷ್ ಸಂಯೋಜಕ ಬೆಂಜಮಿನ್ ಬ್ರಿಟನ್ನರ ನೆನಪಿಗೆ ಬರೆದದ್ದು. ತಂತಿವಾದ್ಯಗಳ ಮೇಳ, ಜೊತೆಗೆ ಬಾರಿಸುವ ಗಂಟೆಯೊಂದು. ಆರೇಳು ನಿಮಿಷ, ಅಷ್ಟೆ.

ನೀವು ಇದರಿಂದಲೇ ಶುರು ಮಾಡಬೇಕೆಂದು ನಾನು ಹಟ ಹಿಡಿಯಲು ಕಾರಣವಿದೆ. ಇದರ ಕಟ್ಟಡ ನಮಗೆ ಚೆನ್ನಾಗಿ ಗೊತ್ತು. ಇಡೀ ಕೃತಿ ಒಂದೇ ಅವರೋಹಣ. ಸ್ವರಸ್ಥಾನಗಳು ನಮ್ಮ ನಟಭೈರವಿ ರಾಗದವು. ಅದನ್ನು ಇಳಿಸುವ ಬಗೆ ಹೀಗೆ: ಮೊದಲು ಸ, ಆಮೇಲೆ ಸನಿ, ಆಮೇಲೆ ಸನಿದ, ಸನಿದಪ, ಹೀಗೆ ಪ್ರತಿ ಸಲ ಒಂದೊಂದು ಸ್ವರ ಸೇರುತ್ತಾ ಬೆಳೆಯುತ್ತದೆ. ನಮ್ಮ ಲಕ್ಷಣ ಪಾಠದಲ್ಲಿ ಇದಕ್ಕೆ ಸ್ರೋತೋವಹ ಯತಿ ಎಂದು ಹೆಸರು, ಸಣ್ಣದಾಗಿ ಹುಟ್ಟಿ ಹರಿಯುತ್ತಾ ಅಗಲವಾಗುವ ಹೊಳೆ. ಮೊದಲ ಪಿಟೀಲಿನವರು ಇದನ್ನು ಎಲ್ಲರಿಗಿಂತ ವೇಗವಾಗಿ ನುಡಿಸುತ್ತಾರೆ. ಎರಡನೇ ಪಿಟೀಲಿನವರು ಒಂದು ಸ್ಥಾಯಿ ಕೆಳಗೆ, ಅದರ ಅರ್ಧ ವೇಗದಲ್ಲಿ. ವಯೋಲಾ ಅದರ ಅರ್ಧ, ಚೆಲ್ಲೊ ಅದರ ಅರ್ಧ, ಡಬಲ್ ಬಾಸ್ ಅದರ ಅರ್ಧ. ವರ್ಣವನ್ನು ಮೂರು ಕಾಲದಲ್ಲಿ ಒಂದಾದ ಮೇಲೊಂದು ಹಾಡುತ್ತೇವಲ್ಲ, ಇಲ್ಲಿ ಐದು ಕಾಲಗಳು ಒಟ್ಟಿಗೇ ನಡೆಯುತ್ತವೆ. ಮೇಲಿನ ಪಿಟೀಲು ಹದಿನಾರು ಹೆಜ್ಜೆ ಇಡುವಷ್ಟರಲ್ಲಿ ಕೆಳಗಿನ ಬಾಸ್ ಒಂದು ಹೆಜ್ಜೆ ಇಡುತ್ತದೆ.

ಕೇಳುವ ಕ್ರಮ ಹೇಳುತ್ತೇನೆ. ಮೊದಲ ಸಲ ಸುಮ್ಮನೆ ಕೇಳಿ, ಕಣ್ಣು ಮುಚ್ಚಿಕೊಂಡರೆ ಒಳ್ಳೆಯದು. ಎರಡನೇ ಸಲ ಮೇಲಿನ ಪಿಟೀಲನ್ನು ಮಾತ್ರ ಹಿಂಬಾಲಿಸಿ, ಪ್ರತಿ ಸಲ ಎಲ್ಲಿವರೆಗೆ ಇಳಿಯಿತು ಎಂದು ಒಳಗೇ ಹಾಡಿಕೊಳ್ಳಿ. ಮೂರನೇ ಸಲ, ಇನ್ನೊಂದು ದಿನ, ಬಾಸನ್ನು ಮಾತ್ರ ಹಿಡಿಯಿರಿ. ಅದು ಕಷ್ಟ. ನೆಲದಡಿಯಲ್ಲಿ ಯಾರೋ ನಡೆಯುತ್ತಿರುವ ಹಾಗೆ ತೀರ ನಿಧಾನ. ನಾಲ್ಕನೇ ಸಲ ಪೂರ್ತಿ ಕೊನೆಗಾಗಿ ಕಾಯಿರಿ. ಎಲ್ಲ ವಾದ್ಯಗಳೂ ತಮ್ಮ ಕೊನೆಯ ಸ್ವರ ತಲುಪಿ ಒಂದು ದೊಡ್ಡ ನಾದವಾಗಿ ನಿಲ್ಲುತ್ತವೆ, ಥಟ್ಟನೆ ಕಮಾನು ಎತ್ತುತ್ತಾರೆ. ಆಗ ಆ ಗಂಟೆಯ ಅನುರಣನ ಮಾತ್ರ ಉಳಿದಿರುತ್ತದೆ. ತಂತಿಗಳ ಗದ್ದಲದಲ್ಲಿ ಅದನ್ನು ಮೆಲ್ಲಗೆ ಬಾರಿಸಿದ್ದು ನಿಮಗೆ ಗೊತ್ತಾಗಿರುವುದಿಲ್ಲ. ಕೃತಿಯುದ್ದಕ್ಕೂ ಕೇಳಿದ್ದು ಸಾಧಾರಣ ಗಾಂಧಾರ, ಅಂತರಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ಶೋಕದ್ದು. ಆ ಗಂಟೆಯ ಉಪಸ್ವರಗಳಲ್ಲಿ ಅಂತರ ಗಾಂಧಾರ ಇದೆ. ತಂಬೂರಿಯೊಳಗಿನ ಅದೇ ಗಾಂಧಾರ. ನನಗೆ ಅದು ಕೇಳಿಸಿದ್ದು ಐದನೆಯ ಸಲವೋ ಆರನೆಯ ಸಲವೋ. ಕೇಳಿಸಿದ ರಾತ್ರಿ ಬಹಳ ಹೊತ್ತು ದೀಪ ಹಾಕದೆ ಕೂತಿದ್ದೆ.

ಇದು ಒಲಿದರೆ ಪಾರ್ಟ್ ಅವರದೇ 'ತಬುಲ ರಾಸ' ಕೇಳಿ, ಅದೂ 1977ರದ್ದೇ. ಇಸಿಎಂ ಕಂಪನಿ 1984ರಲ್ಲಿ ಹೊರತಂದ ಅದೇ ಹೆಸರಿನ ಧ್ವನಿಮುದ್ರಿಕೆಯಲ್ಲಿ 'ಕಾಂಟುಸ್' ಕೂಡ ಇದೆ. ಆಮೇಲೆ ಪೋಲೆಂಡಿನ ಹೆನ್ರಿಕ್ ಗೊರೆಟ್ಸ್ಕಿ ಅವರ ಮೂರನೇ ಸಿಂಫನಿ, 1976ರದ್ದು. ಡಬಲ್ ಬಾಸುಗಳಲ್ಲಿ ಕೇಳಿಸಿಯೂ ಕೇಳಿಸದ ಹಾಗೆ ಶುರುವಾಗುತ್ತದೆ. ಅದರ ಎರಡನೇ ಭಾಗದ ಸಾಹಿತ್ಯ, ನಾಜಿಗಳ ಸೆರೆಕೋಣೆಯ ಗೋಡೆಯ ಮೇಲೆ ಹದಿನೆಂಟರ ಹುಡುಗಿಯೊಬ್ಬಳು ಅಮ್ಮನಿಗೆ, ಅಳಬೇಡ ಎಂದು ಗೀಚಿದ್ದ ಪ್ರಾರ್ಥನೆ. ಗಾಯಕಿ ಡಾನ್ ಅಪ್‌ಶಾ ಹಾಡಿ 1992ರಲ್ಲಿ ಹೊರಬಂದ ಧ್ವನಿಮುದ್ರಿಕೆ ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು.

ಎರಡನೆಯದು: ಕೇಳುವುದಲ್ಲ, ಬಾರಿಸುವುದು

ಇದಕ್ಕೆ ಮನೆಯಲ್ಲಿ ಇನ್ನೊಬ್ಬರು ಬೇಕು. ತಾಳ ಹಾಕಲು ಬರುವ ಮಗಳೋ, ತಮ್ಮನೋ, ಯಾರಾದರೂ.

ಅಮೆರಿಕದ ಸ್ಟೀವ್ ರೈಖ್ 1936ರಲ್ಲಿ ಹುಟ್ಟಿದವರು. 1970ರಲ್ಲಿ ಆಫ್ರಿಕದ ಘಾನಾಕ್ಕೆ ಹೋಗಿ ಎವೆ ಜನರ ಡ್ರಮ್ ವಾದನ ಕಲಿತರು. 1972ರಲ್ಲಿ 'ಕ್ಲ್ಯಾಪಿಂಗ್ ಮ್ಯೂಸಿಕ್' ಬರೆದರು. ವಾದ್ಯವೇ ಬೇಡ, ಇಬ್ಬರ ನಾಲ್ಕು ಕೈ ಸಾಕು. ಹನ್ನೆರಡು ಅಕ್ಷರದ ಒಂದು ಪಾಠ: ಮೂರು ಚಪ್ಪಾಳೆ, ಒಂದು ಬಿಡು, ಎರಡು ಚಪ್ಪಾಳೆ, ಒಂದು ಬಿಡು, ಒಂದು ಚಪ್ಪಾಳೆ, ಒಂದು ಬಿಡು, ಎರಡು ಚಪ್ಪಾಳೆ, ಒಂದು ಬಿಡು. ಬಾಯಲ್ಲಿ ಹೇಳಿಕೊಳ್ಳುವುದಾದರೆ "ತಕಿಟ ಉಂ, ತಕ ಉಂ, ತ ಉಂ, ತಕ ಉಂ". ಉಂ ಬಂದಲ್ಲಿ ಕೈ ಸುಮ್ಮನಿರಬೇಕು.

ಇಬ್ಬರೂ ಒಟ್ಟಿಗೆ ಶುರು ಮಾಡಿ. ಒಬ್ಬರು ಕೊನೆಯವರೆಗೂ ಇದನ್ನೇ ಬಾರಿಸಬೇಕು, ಅಲುಗಾಡಬಾರದು. ಇನ್ನೊಬ್ಬರು ಎಂಟು ಆವರ್ತ ಆದ ಮೇಲೆ ಎರಡನೇ ಅಕ್ಷರದಿಂದ ಎತ್ತಿಕೊಳ್ಳಬೇಕು. ಆಗ ಅವರ ಪಾಠ "ಕಿಟ ಉಂ ತಕ ಉಂ ತ ಉಂ ತಕ ಉಂ ತ" ಆಗುತ್ತದೆ. ಮತ್ತೆ ಎಂಟು ಆವರ್ತ, ಮತ್ತೊಂದು ಅಕ್ಷರ ಮುಂದೆ. ಹನ್ನೆರಡು ಸಲ ಸರಿದಾಗ ಇಬ್ಬರೂ ಮತ್ತೆ ಒಂದೇ ಕಡೆ ಸೇರುತ್ತಾರೆ. ಎಡುಪು, ಅಂದರೆ ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ, ಬದಲಾದರೆ ಅದೇ ಪಲ್ಲವಿ ಬೇರೆಯಾಗಿ ಕೇಳಿಸುವುದನ್ನು ಕಚೇರಿಯಲ್ಲಿ ಕಂಡವರಿಗೆ ಇದರ ಸುಖ ತಕ್ಷಣ ಹಿಡಿಯುತ್ತದೆ. ಒಂದೇ ಅಕ್ಷರ ಸರಿದರೂ ಎರಡು ಕೈಗಳ ನಡುವೆ ಯಾರೂ ಬಾರಿಸದ ಮೂರನೆಯ ನಡೆಯೊಂದು ಹುಟ್ಟುತ್ತದೆ. ಮತ್ತದೇ ತಂಬೂರಿಯ ಕತೆ.

ನಾವು ಮನೆಯಲ್ಲಿ ಪ್ರಯತ್ನಿಸಿದಾಗ ಎರಡನೇ ಸರಿತದಲ್ಲೇ ಬಿದ್ದೆವು. ಬೀಳುವುದು ಸಹಜ. ನಾಲ್ಕು ಸಂಜೆ ಬಿದ್ದು ಎದ್ದ ಮೇಲೆ ರೈಖ್ ಅವರ 'ಮ್ಯೂಸಿಕ್ ಫಾರ್ 18 ಮ್ಯೂಸಿಷಿಯನ್ಸ್' ಹಾಕಿಕೊಳ್ಳಿ. 1976ರದ್ದು, ಒಂದು ಗಂಟೆಯ ಆಸುಪಾಸಿನ ಕೃತಿ. ಹನ್ನೊಂದು ಸ್ವರಗುಚ್ಛಗಳನ್ನು ಮೊದಲೊಮ್ಮೆ ಬಿಡಿಸಿ ತೋರಿಸಿ, ಆಮೇಲೆ ಒಂದೊಂದರ ಮೇಲೂ ಹಲವು ನಿಮಿಷದ ಕಟ್ಟಡ ಕಟ್ಟುತ್ತಾರೆ. ಮುಂದೆ ನಿಂತು ಕೋಲು ಬೀಸುವವರಿಲ್ಲ, ವೈಬ್ರಫೋನ್ ಎಂಬ ಲೋಹಪಟ್ಟಿಗಳ ವಾದ್ಯ ನುಡಿಸುವವರು ಸೂಚನೆ ಕೊಟ್ಟಾಗ ಉಳಿದವರು ಮುಂದಕ್ಕೆ ಹೋಗುತ್ತಾರೆ. ಕೈಯಲ್ಲಿ ಬಾರಿಸಿ ನೋಡದೆ ಇದನ್ನು ಕೇಳಿದರೆ "ಅದೇ ಅದೇ ಬರುತ್ತಿದೆ" ಅನ್ನಿಸಬಹುದು. ಬಾರಿಸಿ ನೋಡಿದವರಿಗೆ ಹಾಗೆ ಅನ್ನಿಸುವುದಿಲ್ಲ.

ಮೂರನೆಯದು: ನಮ್ಮ ಮನೆಯ ಮಾತು, ಅವರ ಮನೆಯ ಹಾಡು

ಅಮೆರಿಕದ ಇನ್ನೊಬ್ಬ ಸಂಯೋಜಕ ಫಿಲಿಪ್ ಗ್ಲಾಸ್ ತರುಣರಾಗಿದ್ದಾಗ ಪ್ಯಾರಿಸ್ಸಿನಲ್ಲಿ ಚಲನಚಿತ್ರವೊಂದರ ಸಂಗೀತಕ್ಕಾಗಿ ಸಿತಾರ್ ವಾದಕ ರವಿಶಂಕರ್ ಅವರ ಜೊತೆ ಕೆಲಸ ಮಾಡಿದರು. ತಾಳದ ಲೆಕ್ಕ ಅವರ ಸಂಗೀತವನ್ನು ಹೊಕ್ಕದ್ದು ಅಲ್ಲಿಂದ. 1980ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್‌ನಲ್ಲಿ ಅವರ 'ಸತ್ಯಾಗ್ರಹ' ಆಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ರಂಗಕ್ಕೆ ಬಂತು. ಗಾಂಧೀಜಿಯ ದಕ್ಷಿಣ ಆಫ್ರಿಕದ ವರ್ಷಗಳ ಕತೆ. ಸಾಹಿತ್ಯ ಪೂರ್ತಿ ಸಂಸ್ಕೃತ, ಭಗವದ್ಗೀತೆಯಿಂದ ಆರಿಸಿದ್ದು. ನ್ಯೂಯಾರ್ಕಿನ ಪ್ರೇಕ್ಷಕನಿಗೆ ಅನುವಾದವಿಲ್ಲದೆ ತಿಳಿಯದ ಮಾತು ಮನೆಯಲ್ಲಿ ಗೀತೆ ಪಾರಾಯಣ ಕೇಳಿ ಬೆಳೆದವರಿಗೆ ಸುಲಭವಾಗಿ ಕಿವಿಗೆ ಸಿಗುತ್ತದೆ. ಉಚ್ಚಾರಣೆ ವಿಚಿತ್ರವೆನಿಸಿದರೂ ಸ್ವಲ್ಪ ತಾಳಿಕೊಳ್ಳಿ.

ಇಡೀ ಆಪೆರಾ ಬೇಡ, ಕೊನೆಯ ಹಾಡಿನಿಂದ ಶುರು ಮಾಡಿ. ಗಾಂಧಿ ಪಾತ್ರಧಾರಿ ಒಬ್ಬನೇ ನಿಂತು ಒಂದೇ ಆರೋಹಣವನ್ನು ಮತ್ತೆ ಮತ್ತೆ ಹಾಡುತ್ತಾನೆ. ಸ್ವರಸ್ಥಾನಗಳು ಹನುಮತೋಡಿಯವು, ಆದರೆ ಅಲ್ಲಿ ತೋಡಿಯ ಒಂದು ಎಳೆಯೂ ಇಲ್ಲ. ಮೇಲೆ ಹೇಳಿದ ರಾಗದ ಎಚ್ಚರಿಕೆ ಇಲ್ಲಿಗೇ. ಪ್ರತಿ ಸಲ ಅದೇ ಮೆಟ್ಟಿಲು ಹತ್ತುವ ಆ ದನಿಯ ಕೆಳಗೆ ವಾದ್ಯಮೇಳ ಬಣ್ಣ ಬದಲಿಸುವುದನ್ನು ಗಮನಿಸಿ.

ಇಂಥ ಕೊಂಡಿ ಇನ್ನೂ ಇವೆ. ಅಮೆರಿಕದ ಸಂಯೋಜಕ ಜಾನ್ ಕೇಜ್ 1946ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಅಹಮದಾಬಾದಿನ ಗೀತಾ ಸಾರಾಭಾಯಿಯವರಿಗೆ ಪಾಶ್ಚಾತ್ಯ ಸಂಗೀತ ಹೇಳಿಕೊಟ್ಟು, ಅವರಿಂದ ಭಾರತೀಯ ಸಂಗೀತ ತಿಳಿದುಕೊಂಡರು. 1948ರಲ್ಲಿ ಮುಗಿಸಿದ 'ಸೊನಾಟಾಸ್ ಅಂಡ್ ಇಂಟರ್‌ಲ್ಯೂಡ್ಸ್' ನವರಸಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಪಿಯಾನೊದ ತಂತಿಗಳ ನಡುವೆ ಸ್ಕ್ರೂ, ಬೋಲ್ಟು, ರಬ್ಬರು ಸಿಕ್ಕಿಸಿ ನುಡಿಸುವ ಇಪ್ಪತ್ತು ಪುಟ್ಟ ರಚನೆಗಳು. ಯಾವುದು ಯಾವ ರಸ ಎಂದು ಕೇಜ್ ಗುರುತು ಹಾಕಿಲ್ಲ. ಒಂದು ಹಾಳೆಯಲ್ಲಿ ನೀವೇ ಬರೆದುಕೊಳ್ಳುತ್ತಾ ಹೋಗಿ, ಮನೆಯ ಇನ್ನೊಬ್ಬರೂ ಬರೆಯಲಿ, ಆಮೇಲೆ ಹೋಲಿಸಿ. ನನಗೆ ಶಾಂತವಾಗಿ ಕೇಳಿಸಿದ್ದು ನಮ್ಮ ಮನೆಯಲ್ಲಿ ಇನ್ನೊಬ್ಬರಿಗೆ ಕರುಣವಾಗಿತ್ತು.

ಧಾರವಾಡದ ಕಡೆಯವರಿಗೆ ಹತ್ತಿರದ ದಾರಿ ಅಮೆರಿಕದ ಸಂಯೋಜಕ ಟೆರಿ ರೈಲಿ. 1970ರಿಂದ ಅವರು ಪಂಡಿತ್ ಪ್ರಾಣನಾಥರ ಶಿಷ್ಯರು. ಪ್ರಾಣನಾಥರು ಕಿರಾನಾ ಘರಾನೆಯ ಅಬ್ದುಲ್ ವಹೀದ್ ಖಾನರ ಶಿಷ್ಯರು. ಅದೇ ಘರಾನೆಯ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಬಂದ ಗಾಯಕಿಯ ದಾಯಾದಿ ಕ್ಯಾಲಿಫೋರ್ನಿಯಾದಲ್ಲೂ ಬೆಳೆಯಿತು. ರೈಲಿಯವರ 1964ರ 'ಇನ್ ಸಿ' ಮಾತ್ರ ಗುರು ಸಿಗುವುದಕ್ಕಿಂತ ಮೊದಲಿನದು. ಐವತ್ತಮೂರು ಸಣ್ಣ ಪದಗುಚ್ಛಗಳನ್ನು ಪ್ರತಿಯೊಬ್ಬ ವಾದಕ ತನಗೆ ಬೇಕಾದಷ್ಟು ಸಲ ನುಡಿಸಿ ಮುಂದೆ ಸರಿಯುತ್ತಾನೆ. ಹಾಗಾಗಿ ಎರಡು ಕಚೇರಿ ಒಂದೇ ಥರ ಇರುವುದಿಲ್ಲ.

ನಾಲ್ಕನೆಯದು: ನಾದವನ್ನೇ ಕೇಳುವುದು

ಇಲ್ಲಿಂದ ಮುಂದೆ ಹಿಡಿಯಲು ಸ್ವರಮಾಲೆಯೂ ಇಲ್ಲ, ಲಯವೂ ಇಲ್ಲ. ಅವಸರ ಬೇಡ, ಹಿಂದಿನ ಮೂರು ಒಲಿದ ಮೇಲೆ ಬನ್ನಿ.

ಇಟಲಿಯ ಜಚಿಂತೊ ಶೆಲ್ಸಿ 1959ರಲ್ಲಿ ಪುಟ್ಟ ವಾದ್ಯಮೇಳಕ್ಕೆ ನಾಲ್ಕು ರಚನೆ ಮಾಡಿದರು. ಪ್ರತಿಯೊಂದೂ ಒಂದೇ ಸ್ವರದ ಮೇಲೆ. ಆ ಒಂದು ಸ್ವರ ಅತ್ತಿತ್ತ ಕೂದಲೆಳೆಯಷ್ಟು ಜಾರುತ್ತದೆ, ನಡುಗುತ್ತದೆ, ಕೊಳಲಿನಿಂದ ಕಹಳೆಗೆ ಹೋಗುತ್ತದೆ, ದಪ್ಪವಾಗುತ್ತದೆ, ಸೀಳುತ್ತದೆ. ಸ್ವರವನ್ನು ಅಲುಗಿಸುವ ಕಂಪಿತ ಗಮಕದಲ್ಲಿ ಸ್ವರವೊಂದು ಚುಕ್ಕಿಯಲ್ಲ, ಒಂದು ಪ್ರದೇಶ ಎಂದು ತಿಳಿದವರಿಗೆ ಇದು ಅರ್ಥವಾಗಲೇಬೇಕು. ನನಗಂತೂ ನಮ್ಮ ಕಿವಿಗೆ ಅತಿ ಸಹಜವಾದ ಪಾಶ್ಚಾತ್ಯ ರಚನೆಯೆಂದರೆ ಇದೇ ಅನ್ನಿಸುತ್ತದೆ.

ಅಲ್ಲಿಂದ ಹಂಗೇರಿ ಮೂಲದ ಗ್ಯೊರ್ಗಿ ಲಿಗೆಟಿಯವರ 'ಲಕ್ಸ್ ಎಟೆರ್ನಾ'ಗೆ ಹೋಗಿ. 1966ರದ್ದು, ಹದಿನಾರು ಕಂಠ, ವಾದ್ಯವಿಲ್ಲ. ಹದಿನಾರು ಜನರೂ ಬೇರೆ ಬೇರೆ ಹೊತ್ತಿಗೆ ಒಂದೇ ಎಳೆ ಹಿಡಿದು ಹೋಗುವುದರಿಂದ ಎಳೆ ಕಾಣುವುದಿಲ್ಲ, ಮಂಜು ಮಾತ್ರ ಕಾಣುತ್ತದೆ. ಮಡಿಕೇರಿಯ ಬೆಳಗಿನಲ್ಲಿ ಮಂಜು ಯಾವಾಗ ಸರಿಯಿತೆಂದು ಹೇಳಲಾಗದ ಹಾಗೆ ಇಲ್ಲಿಯೂ ನಾದ ಬದಲಾದ ಗಳಿಗೆಯನ್ನು ಬೆರಳಿಟ್ಟು ತೋರಿಸಲಾಗುವುದಿಲ್ಲ.

ಇನ್ನೊಂದನ್ನು ಬಿಡಲಾರೆ. 2025ರ ಮಾರ್ಚಿನಲ್ಲಿ ತೀರಿಕೊಂಡ ಸೋಫಿಯಾ ಗುಬೈದುಲಿನಾ, ಸೋವಿಯತ್ ಕಾಲದಲ್ಲಿ ಬಹಳ ಅಡೆತಡೆ ಕಂಡವರು. 1980ರಲ್ಲಿ ಗಿಡಾನ್ ಕ್ರೇಮರ್ ಎಂಬ ಪಿಟೀಲು ವಿದ್ವಾಂಸರಿಗಾಗಿ 'ಆಫರ್ಟೋರಿಯಂ' ಬರೆದರು. ಬಾಖ್‌ನ 'ಮ್ಯೂಸಿಕಲ್ ಆಫರಿಂಗ್' ಕೃತಿಯ ಪ್ರಸಿದ್ಧ ಸ್ವರಮಾಲೆಯನ್ನು ಎತ್ತಿಕೊಂಡು ಪ್ರತಿ ಸಲ ಆಚೆ ತುದಿಯಿಂದ ಒಂದು, ಈಚೆ ತುದಿಯಿಂದ ಒಂದು ಸ್ವರ ಕಳೆಯುತ್ತಾ ಹೋಗುತ್ತಾರೆ. ಕೊನೆಗೆ ಉಳಿಯುವುದು ನಡುವಿನ ಒಂದೇ ಸ್ವರ. ಪಾರ್ಟ್ ಬೆಳೆಸಿದರೆ ಇವರು ಕರಗಿಸುತ್ತಾರೆ, ನಮ್ಮ ಗೋಪುಚ್ಛ ಯತಿಯ ಹಾಗೆ. ಹೆಸರಿನ ಅರ್ಥವೇ ನೈವೇದ್ಯ, ಅರ್ಪಣೆ. ಇದಕ್ಕೆ ಅರ್ಧ ಗಂಟೆಗೂ ಮೀರಿದ ಸಮಯ ಬೇಕು. ಮೊದಲು ಬಾಖ್‌ನ ಆ ಸ್ವರಮಾಲೆಯನ್ನು ಹುಡುಕಿ ಹತ್ತು ಸಲ ಕೇಳಿ ಬಾಯಿಪಾಠ ಮಾಡಿಕೊಳ್ಳಿ. ಗೊತ್ತಿಲ್ಲದ್ದನ್ನು ಕಳೆದುಕೊಂಡರೆ ನೋವಾಗುವುದಿಲ್ಲ.

ಮುಂದೆ ನೀವೇ ಹುಡುಕಿಕೊಳ್ಳುವುದು

ಹೆಸರುಗಳ ಉದ್ದ ಪಟ್ಟಿ ಇಟ್ಟುಕೊಂಡು ಒಂದೊಂದನ್ನು ಎರಡು ನಿಮಿಷ ಕೇಳಿ ಬಿಡುವುದರಿಂದ ಏನೂ ದಕ್ಕುವುದಿಲ್ಲ. ತಿಂಗಳಿಗೆ ಒಬ್ಬರು, ಒಂದು ಕೃತಿ, ಕನಿಷ್ಠ ನಾಲ್ಕು ಸಲ. ಇದು ನನ್ನ ಲೆಕ್ಕ.

ಹೊಸಬರನ್ನು ಕಂಡುಕೊಳ್ಳಲು ಅತಿ ನಂಬಿಕೆಯ ದಾರಿ ನುಡಿಸುವವರದು. ಒಂದು ಕೃತಿ ಇಷ್ಟವಾದರೆ ಅದನ್ನು ನುಡಿಸಿದ ತಂಡ ಇನ್ನೇನು ನುಡಿಸಿದೆ ನೋಡಿ. 1973ರಲ್ಲಿ ಶುರುವಾದ ಕ್ರೋನೋಸ್ ಕ್ವಾರ್ಟೆಟ್ ಎಂಬ ನಾಲ್ವರ ತಂಡವನ್ನು ಹಿಂಬಾಲಿಸಿದರೆ ಸಾಕು, ಹತ್ತು ವರ್ಷಕ್ಕಾಗುವಷ್ಟು ಸಂಯೋಜಕರು ಸಿಗುತ್ತಾರೆ. ಐವತ್ತು ಹೊಸ ಕೃತಿಗಳನ್ನು ಬರೆಸಿ ಅವುಗಳ ಸ್ವರಲಿಪಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೊಟ್ಟಿರುವ ತಂಡ ಅದು. ಹಾಡುವವರಲ್ಲಿ 'ರೂಮ್‌ಫುಲ್ ಆಫ್ ಟೀತ್' ಎಂಬ ತಂಡವಿದೆ. ಅದರದೇ ಗಾಯಕಿಯಾಗಿದ್ದ ಕೆರೊಲಿನ್ ಶಾ ಬರೆದ ಎಂಟು ಕಂಠಗಳ 'ಪಾರ್ಟೀಟಾ'ಕ್ಕೆ 2013ರಲ್ಲಿ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂತು. ಆಗ ಅವರಿಗೆ ಮೂವತ್ತು ವರ್ಷ. ಮಾತು, ಉಸಿರು, ಪಿಸುಗುಡುವಿಕೆ ಎಲ್ಲವೂ ಹಾಡಾಗುವ ಆ ಕೃತಿ ಮಕ್ಕಳಿಗೂ ಹಿಡಿಸುತ್ತದೆ.

ಪ್ರಶಸ್ತಿಗಳ ಪಟ್ಟಿಯೂ ಉಪಯೋಗಕ್ಕೆ ಬರುತ್ತದೆ, ಪುಲಿಟ್ಜರ್ ಆಗಲಿ, 1985ರಿಂದ ಕೊಡುತ್ತಿರುವ ಗ್ರೌಮಯರ್ ಆಗಲಿ. ಗ್ರೌಮಯರ್ ಪಟ್ಟಿಯಲ್ಲೇ ನನಗೆ ಫಿನ್ಲೆಂಡಿನ ಕಾಯಾ ಸಾರಿಆಹೊ ಸಿಕ್ಕಿದ್ದು. ದೂರದ ಒಲವಿನ ಕತೆಯ ಅವರ ಆಪೆರಾ 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಆಡಿದಾಗ, ಆ ರಂಗದಲ್ಲಿ ಮಹಿಳೆಯೊಬ್ಬರ ಆಪೆರಾ ಬಂದು ನೂರಾ ಹದಿಮೂರು ವರ್ಷ ಆಗಿತ್ತು. ಯೂಟ್ಯೂಬಿನಲ್ಲಿ ಸಂಗೀತದ ಜೊತೆ ಸ್ವರಲಿಪಿ ಓಡುವ ವಿಡಿಯೋಗಳಿವೆ. ಅವರ ಲಿಪಿ ಓದಲು ಬಾರದಿದ್ದರೂ ಯಾವ ವಾದ್ಯ ಯಾವಾಗ ಸೇರಿತು, ಎಲ್ಲಿ ಖಾಲಿ ಇದೆ ಎನ್ನುವುದು ಕಣ್ಣಿಗೆ ಕಾಣುತ್ತದೆ.

ಒಂದು ಸಣ್ಣ ಪುಸ್ತಕ ಇಡಿ. ದಿನಾಂಕ, ಕೃತಿ, ನುಡಿಸಿದವರು, ಮತ್ತು ಕೇಳಿದ್ದು ಏನು. ಇಷ್ಟವಾಯಿತು, ಆಗಲಿಲ್ಲ ಎಂದು ಬರೆಯಬೇಡಿ. "ನಾಲ್ಕನೇ ನಿಮಿಷದಲ್ಲಿ ಕಹಳೆ ನಿಂತಾಗ ಖಾಲಿಯಾಯಿತು" ಎಂಬಂಥದ್ದು ಬರೆಯಿರಿ. ನಾಲ್ಕು ಸಲವೂ ಬರೆಯಲು ಏನೂ ಸಿಗದಿದ್ದರೆ ಆ ಕೃತಿಯನ್ನು ನಿಶ್ಚಿಂತೆಯಿಂದ ಬದಿಗಿಡಿ, ಒಂದು ವರ್ಷ ಬಿಟ್ಟು ನೋಡೋಣ. ಮೊದಲ ದಿನ ಹತ್ತು ನಿಮಿಷಕ್ಕೆ ನಿಲ್ಲಿಸಿದ್ದ ಆ ಕಠಿಣ ಕೃತಿಗೆ ನಾನು ಆರು ವರ್ಷದ ನಂತರ ಮರಳಿದೆ, ಆಗ ಕೊನೆಯವರೆಗೆ ಕೂತೆ.

ಮುಂಬೈಗೆ ಹೋಗುವ ಸಂದರ್ಭ ಬಂದರೆ ಎನ್‌ಸಿಪಿಎ ಎಂಬ ಕಲಾಕೇಂದ್ರದ ಕಾರ್ಯಕ್ರಮಪಟ್ಟಿ ನೋಡಿ, ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇರುವುದು ಅಲ್ಲೇ. ಬೆಂಗಳೂರಿನಲ್ಲಿ ಮ್ಯಾಕ್ಸ್ ಮುಲ್ಲರ್ ಭವನ ಮತ್ತು ಅಲಿಯಾನ್ಸ್ ಫ್ರಾನ್ಸೇಸ್‌ಗಳ ಕಾರ್ಯಕ್ರಮದ ಸೂಚನೆ ಬರುವ ಹಾಗೆ ಮಾಡಿಕೊಳ್ಳಿ. ಎದುರಿಗೆ ಕೂತು ಕೇಳುವ ಒಂದು ಸಂಜೆ ಹೆಡ್‌ಫೋನಿನ ಹತ್ತು ಸಂಜೆಗೆ ಸಮ.

ಇಷ್ಟವಾದ ಸಂಯೋಜಕ ಬದುಕಿದ್ದರೆ ಅವರ ಧ್ವನಿಮುದ್ರಿಕೆಯನ್ನು ಒಂದಾದರೂ ದುಡ್ಡು ಕೊಟ್ಟು ಕೊಳ್ಳಿ. ಈ ವಿಷಯದಲ್ಲಿ ಮೈಸೂರಿನವರಿಗೆ ಒಂದು ಹಿರಿಯ ಮಾದರಿಯಿದೆ. ಶ್ರೀವಿದ್ಯಾ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ್ ಅವರೇ, ಲಂಡನ್ನಿನಲ್ಲಿ ಆರೋಗ್ಯ ಕೆಟ್ಟು, ಜಗತ್ತು ಮರೆಯುತ್ತಿದ್ದ ರಷ್ಯದ ಸಂಯೋಜಕ ನಿಕೊಲಾಯ್ ಮೆಡ್ಟ್ನರ್ ಅವರ ಕೃತಿಗಳನ್ನು ಧ್ವನಿಮುದ್ರಿಸಲು 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟರು. 1951ರಲ್ಲಿ ಮೆಡ್ಟ್ನರ್ ತೀರಿಕೊಂಡರು. ಆ ಮುದ್ರಣಗಳು ಇಂದೂ ಕೇಳಲು ಸಿಗುತ್ತವೆ. ಮಹಾರಾಜರಿಗೆ ಅರ್ಪಿಸಿದ ಮೂರನೇ ಪಿಯಾನೊ ಕಂಚೆರ್ಟೊ ಅದರಲ್ಲಿದೆ, ಪಿಯಾನೊ ನುಡಿಸಿರುವುದು ಸ್ವತಃ ಮೆಡ್ಟ್ನರ್.